ಕಟ್ಟು ಹಾಕುವವನ ಕಣ್ಣಿನಲ್ಲಿ ಶಾಂತಿನಿಕೇತನದ ನಂದನ್ ಮೇಳ

ಧಾರವಾಡದಲ್ಲಿ ನನ್ನದು ಚಿತ್ರಗಳಿಗೆ ಕಟ್ಟು ಹಾಕುವ ಅಂಗಡಿ. ದೇವರ ಪಟ, ಮದುವೆಯ ಫೋಟೊ, ನಿವೃತ್ತರಿಗೆ ಕೊಟ್ಟ ಸನ್ಮಾನಪತ್ರ, ತೀರಿಕೊಂಡ ಹಿರಿಯರ ಭಾವಚಿತ್ರ ಇವು ನನ್ನ ಹೊಟ್ಟೆ ತುಂಬಿಸುತ್ತವೆ. ಚಿತ್ರಕಲೆ ಕಲಿಯುವ ಹುಡುಗರು ತರುವ ಕೆಲಸ ಮನಸ್ಸು ತುಂಬಿಸುತ್ತದೆ, ಜೊತೆಗೆ ಉದ್ದರಿ ಪುಸ್ತಕವನ್ನೂ. ಹೀಗಾಗಿ ಯಾವ ಕಲಾಪ್ರದರ್ಶನಕ್ಕೆ ಹೋದರೂ ನನ್ನ ಕಣ್ಣು ಮೊದಲು ಬೀಳುವುದು ಕಟ್ಟಿನ ನಾಲ್ಕು ಮೂಲೆಗಳ ಮೇಲೆ. ಕೋನ ಸರಿಯಾಗಿ ಕೂಡಿದೆಯೇ, ಗಾಜು ಕಾಗದಕ್ಕೆ ತಾಗಿದೆಯೇ, ಮೊಳೆ ಭಾರ ತಡೆಯುತ್ತದೆಯೇ ಎಂದು ನೋಡಿದ ಮೇಲೆಯೇ ಚಿತ್ರದೊಳಗೆ ಹೋಗುವುದು. ಬಂಗಾಳದ ಶಾಂತಿನಿಕೇತನದಲ್ಲಿ, ಟಾಗೋರರ ವಿಶ್ವಭಾರತಿಯ ಕಲಾಶಾಲೆಯಾದ ಕಲಾಭವನದಲ್ಲಿ ಪ್ರತಿ ಡಿಸೆಂಬರ್ 1 ಮತ್ತು 2ರಂದು ನಡೆಯುವ ನಂದನ್ ಮೇಳವನ್ನೂ, ಅದೇ ಅಂಗಳದ ನಂದನ್ ಗ್ಯಾಲರಿಯಲ್ಲಿದ್ದ ವಿದ್ಯಾರ್ಥಿಗಳ ಪ್ರದರ್ಶನವನ್ನೂ ನಾನು ನೋಡಿದ್ದು ಈ ಕಣ್ಣಿನಿಂದಲೇ. ಕಲಾವಿಮರ್ಶೆ ಬೇಕಾದವರು ಬಲ್ಲವರ ಬರಹ ಓದಲಿ. ಅಷ್ಟು ದೂರ ಹೋಗಬಹುದೇ, ಅಲ್ಲಿ ಏನಿದೆ, ಕೊಟ್ಟ ದುಡ್ಡಿಗೆ ನ್ಯಾಯ ಸಿಗುತ್ತದೆಯೇ ಎಂಬುದನ್ನು ಮಾತ್ರ ನಾನು ಹೇಳಬಲ್ಲೆ.

ಹೋಗಬಹುದು. ಮನೆಯಲ್ಲಿ ಚಿತ್ರ ಬರೆಯುವ ಮಕ್ಕಳಿದ್ದರೆ ಕರೆದುಕೊಂಡೇ ಹೋಗಬೇಕು.

ನನ್ನನ್ನು ಕರೆಸಿಕೊಂಡವಳು ಅಕ್ಕನ ಮಗಳು. ಅಲ್ಲಿ ಗ್ರಾಫಿಕ್ಸ್ ವಿಭಾಗದಲ್ಲಿ ಓದುತ್ತಾಳೆ, ಅಂದರೆ ಮರದ ಹಲಗೆ, ಸತುವಿನ ತಗಡು, ಕಲ್ಲು ಇವುಗಳಿಂದ ಅಚ್ಚು ತೆಗೆಯುವ ವಿದ್ಯೆ. ನಮ್ಮ ಕಡೆಯ ಹಳೆಯ ಚಿತ್ರಕಾರರಿಗೆ ಮುಂಬೈಯೇ ಕಾಶಿ. ಜೆ.ಜೆ. ಕಲಾಶಾಲೆಗೆ ಹೋಗಿ ಬಂದವರು ಇಲ್ಲಿ ಶಾಲೆ ತೆರೆದರು, ಎದುರಿಗೆ ಕುಳಿತವರನ್ನು ಇದ್ದ ಹಾಗೆಯೇ ಬರೆಯುವುದನ್ನು ಕಲಿಸಿದರು. ಬಂಗಾಳದ ದಾರಿ ಹಿಡಿದವರು ಮೈಸೂರಿನವರು. ಕೆ. ವೆಂಕಟಪ್ಪ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಟಾಗೋರರ ಕೈಕೆಳಗೆ ಕಲಿತಾಗ ಜೊತೆಯಲ್ಲಿದ್ದವರು ನಂದಲಾಲ್ ಬೋಸ್. ಮುಂದೆ ಅದೇ ನಂದಲಾಲ್ ಶಾಂತಿನಿಕೇತನಕ್ಕೆ ಬಂದು, 1919ರಲ್ಲಿ ಶುರುವಾಗಿದ್ದ ಕಲಾಭವನವನ್ನು ಮೂರು ದಶಕ ನಡೆಸಿದರು. ಭದ್ರಾವತಿಯಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡ ಬೆಂಗಳೂರಿನ ಕೆನ್ ಕಲಾಶಾಲೆಯ ನಂತರ ಕಲಿಯಲು ಹೋದದ್ದೂ ಇಲ್ಲಿಗೇ. ಹಾಗಾಗಿ ಅಕ್ಕ "ಅಷ್ಟು ದೂರ ಯಾಕೆ?" ಎಂದು ಅತ್ತಾಗ ನಾನು ಮಗಳ ಪರ ವಹಿಸಿದ್ದೆ. ಅದರ ಬಡ್ಡಿ ಈಗ ಬಂತು ಎನ್ನಬಹುದು.

ನಂದಲಾಲರ ಜನ್ಮದಿನ ಡಿಸೆಂಬರ್ 3. ಅದರ ಹಿಂದಿನ ಎರಡು ದಿನ ಮೇಳ. 1973ರಿಂದ ನಡೆದು ಬಂದಿದೆ. ವಿದ್ಯಾರ್ಥಿಗಳು, ಅಧ್ಯಾಪಕರು, ಹಳೆಯ ವಿದ್ಯಾರ್ಥಿಗಳು ಸೇರಿ ಮಾಡಿದ ವಸ್ತುಗಳನ್ನು ಮಾರುತ್ತಾರೆ, ಬಂದ ಹಣ ವಿದ್ಯಾರ್ಥಿಗಳ ನೆರವಿನ ನಿಧಿಗೆ ಹೋಗುತ್ತದೆ. ಒಬ್ಬೊಬ್ಬರ ಜೇಬಿಗೆ ಹೋಗುವುದಿಲ್ಲವಾದ್ದರಿಂದ ಬೆಲೆಯಲ್ಲಿ ಚೌಕಾಸಿಯ ವಾಸನೆ ಇಲ್ಲ. ನಾನು ಅಭ್ಯಾಸಬಲದಿಂದ ಒಂದು ಮಳಿಗೆಯಲ್ಲಿ ಚೌಕಾಸಿಗಿಳಿದೆ. ಹುಡುಗ ನಕ್ಕು, ನಿಧಿಯ ಡಬ್ಬಿಯನ್ನು ನನ್ನ ಕಡೆ ಸರಿಸಿದ. ಹೇಳಿದ್ದಕ್ಕಿಂತ ಹೆಚ್ಚು ಕೊಟ್ಟು ಬಂದೆ.

ಮೊದಲು ಗ್ಯಾಲರಿಯ ಮಾತು. ಗೋಡೆಯ ಮೇಲೆ ಕಾಗದದ ಕೆಲಸಗಳೇ ಹೆಚ್ಚು. ಸುಮಾರು ಅರ್ಧದಷ್ಟಕ್ಕೆ ಕಟ್ಟು ಇರಲಿಲ್ಲ. ಕಾಗದದ ಮೇಲಂಚನ್ನು ಎರಡು ಕಡೆ ಕ್ಲಿಪ್ಪಿನಲ್ಲಿ ಹಿಡಿದು, ಕ್ಲಿಪ್ಪಿನ ಕಿವಿಯನ್ನು ಸಣ್ಣ ಮೊಳೆಗೆ ನೇತು ಹಾಕಿದ್ದರು. ಕ್ಲಿಪ್ಪಿನ ಹಲ್ಲು ಕಾಗದವನ್ನು ಕಚ್ಚದಂತೆ ನಡುವೆ ಮಡಿಚಿದ ಕಾಗದದ ತುಂಡು. ಇದನ್ನು ನೋಡಿದ ಕೂಡಲೇ ಈ ಹುಡುಗರ ಬಗ್ಗೆ ನನಗೆ ಗೌರವ ಹುಟ್ಟಿತು. ನಮ್ಮ ಸೀಮೆಯ ಒಂದು ಸಭಾಂಗಣದಲ್ಲಿ ವಿದ್ಯಾರ್ಥಿಗಳ ಪ್ರದರ್ಶನಕ್ಕೆ ಹೋಗಿದ್ದೆ, ಹೆಸರು ಬೇಡ. ಡಿಸ್ಟೆಂಪರ್ ಹೊಡೆದ ಗೋಡೆಗೆ ಎರಡು ಬದಿ ಅಂಟಿನ ಟೇಪ್ ಹಚ್ಚಿ ಜಲವರ್ಣ ಚಿತ್ರಗಳನ್ನು ಅಂಟಿಸಿದ್ದರು. ದೀಪ ಬೆಳಗಿ, ಹಾರ ಹಾಕಿ, ಐದು ಜನ ಭಾಷಣ ಮುಗಿಸುವಷ್ಟರಲ್ಲಿ ಒಂದೊಂದೇ ಚಿತ್ರ ಗೋಡೆಯ ಸುಣ್ಣವನ್ನೂ ಕಿತ್ತುಕೊಂಡು ಕೆಳಗೆ ಬಿತ್ತು. ಬಿದ್ದದ್ದನ್ನು ಎತ್ತಿ ಮತ್ತೆ ಅಂಟಿಸಲು ಹೋದ ಹುಡುಗಿಗೆ ಕಾವಲುಗಾರ ಊಟದ ಹೊತ್ತಾಯಿತೆಂದು ಬಾಗಿಲು ಹಾಕಿದ. ಕಲಾಕೃತಿ ಹೇಗಾದರೂ ಇರಲಿ, ಅದನ್ನು ಗೋಡೆಗೆ ಏರಿಸುವುದೂ ಓದಿನ ಭಾಗ ಎಂದು ಯಾರಾದರೂ ಆ ಮಕ್ಕಳಿಗೆ ಕಲಿಸಿದ್ದರೆ ಸಾಕಿತ್ತು.

ಇಲ್ಲಿ ಏರಿಸಿದವರು ವಿದ್ಯಾರ್ಥಿಗಳೇ. ಕೆಳಗೆ ಕುಳಿತು ದಾರ ಹಿಡಿದು ಎತ್ತರ ಗುರುತು ಮಾಡಿದ್ದರಂತೆ. ಚಿತ್ರಗಳ ಮೇಲಂಚು ಒಂದೇ ಸಾಲಿಗೆ ಬಂದಿರಲಿಲ್ಲ, ನಡುಭಾಗ ಒಂದೇ ಸಾಲಿಗೆ ಬಂದಿತ್ತು. ಹಾಗೆ ಮಾಡುವುದೇ ಸರಿ. ಸಣ್ಣದೂ ದೊಡ್ಡದೂ ಅಕ್ಕಪಕ್ಕ ಇದ್ದಾಗ ನೋಡುವವರ ಕಣ್ಣು ಹತ್ತಿ ಇಳಿಯಬಾರದು. ನಮ್ಮಲ್ಲಿ ದೊಡ್ಡ ದೊಡ್ಡ ಮನೆ ಕಟ್ಟಿಸಿದವರಿಗೂ ಇದನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

ಇನ್ನೊಂದು ವಿಶೇಷವೆಂದರೆ, ಕೃತಿಯ ಪಕ್ಕದಲ್ಲಿ ಅದನ್ನು ಮಾಡಿದವರು ಸಿಗುತ್ತಿದ್ದರು. ಎಲ್ಲರೂ ಎಲ್ಲ ಹೊತ್ತಿನಲ್ಲೂ ಅಲ್ಲ. ಮೇಳದ ಮಳಿಗೆ, ಅಡುಗೆ, ಹಾಡು ಇವುಗಳ ನಡುವೆ ಓಡಾಡುತ್ತಾ ಬಂದು ನಿಲ್ಲುತ್ತಿದ್ದರು. ಒಬ್ಬ ಹುಡುಗನ ಎಚಿಂಗ್ ಎದುರು ನಾನು ತುಂಬಾ ಹೊತ್ತು ನಿಂತಿದ್ದೆ. ಸತುವಿನ ತಗಡಿನ ಮೇಲೆ ಮೇಣ ಹಚ್ಚಿ, ಸೂಜಿಯಿಂದ ಗೀಚಿ, ಆಸಿಡ್ಡಿನಲ್ಲಿ ಅದ್ದಿ, ಆ ಗೀರುಗಳಲ್ಲಿ ಶಾಯಿ ತುಂಬಿ, ನೆನೆಸಿದ ಕಾಗದದ ಮೇಲೆ ಪ್ರೆಸ್ಸಿನಲ್ಲಿ ಒತ್ತಿ ತೆಗೆಯುವ ಅಚ್ಚು ಅದು. ಒತ್ತಿದಾಗ ತಗಡಿನ ಅಂಚು ಕಾಗದದೊಳಗೆ ಇಳಿದು ಸುತ್ತಲೂ ಒಂದು ತಗ್ಗು ಉಳಿಯುತ್ತದೆ. ಆ ತಗ್ಗೇ ಅಸಲು ಅಚ್ಚಿನ ಗುರುತು. ಎಷ್ಟೋ ಅಂಗಡಿಗಳಲ್ಲಿ ಕಟ್ಟು ಹಾಕುವವರು ಅದರ ಮೇಲೆಯೇ ಮೌಂಟ್, ಅಂದರೆ ಚಿತ್ರದ ಸುತ್ತ ಬರುವ ರಟ್ಟಿನ ಚೌಕಟ್ಟು, ಕೂರಿಸಿ ಮುಚ್ಚಿಬಿಡುತ್ತಾರೆ. ಈ ಹುಡುಗ ತಗ್ಗಿನ ಆಚೆ ಎರಡು ಬೆರಳು ಜಾಗ ಬಿಟ್ಟು ಮೌಂಟ್ ಕತ್ತರಿಸಿದ್ದ. ಕತ್ತರಿಸಿದ ಅಂಚು ಓರೆಯಾಗಿ, ಒಂದೇ ಎಳೆತಕ್ಕೆ ಬಂದಿತ್ತು. "ಯಾವ ಬ್ಲೇಡು?" ಎಂದು ನನಗೆ ತಿಳಿದ ಹಿಂದಿಯಲ್ಲಿ ಕೇಳಿದೆ. ಚಿತ್ರದ ಅರ್ಥ ಕೇಳುತ್ತಾರೆ ಎಂದುಕೊಂಡಿದ್ದ ಅವನ ಮುಖ ಅರಳಿತು. ಬ್ಲೇಡಿನಿಂದ ಶುರುವಾದ ಮಾತು ಕಾಗದಕ್ಕೆ, ಕಾಗದದಿಂದ ಶಾಯಿಗೆ, ಅಲ್ಲಿಂದ ಅವನ ಊರಿನ ಸೆಣಬಿನ ಗದ್ದೆಗೆ ಹೋಯಿತು. ಚಿತ್ರದಲ್ಲಿದ್ದದ್ದು ಅದೇ ಗದ್ದೆ. ನಾನು ಮೊದಲಿಗೆ ಅದನ್ನು ಮಳೆ ಎಂದು ನೋಡಿದ್ದೆ, ಮಳೆ ಎಂದರೂ ಅವನ ಅಭ್ಯಂತರವಿರಲಿಲ್ಲ.

ಅಕ್ಕನ ಮಗಳ ಕೆಲಸ ಎದುರು ಗೋಡೆಯಲ್ಲಿತ್ತು. ಮರದಚ್ಚು, ಕಪ್ಪು ಶಾಯಿ, ಚೌಕಾಕಾರ. ಇದರ ಹಿಂದಿನ ಕತೆ ನನಗೆ ಸ್ವಲ್ಪ ಮೊದಲೇ ತಿಳಿದಿತ್ತು, ಏಕೆಂದರೆ ಚಿತ್ರದ ಹಿಂದೆ ಹಾಕಲು ನಾಲ್ಕು ಕೊಂಡಿ ಬೇಕೆಂದು ಊರಿಗೆ ಫೋನ್ ಮಾಡಿದ್ದಳು. ಒಂದು ಚಿತ್ರಕ್ಕೆ ಎರಡು ಕೊಂಡಿ ಸಾಕು. ನಾಲ್ಕು ಯಾಕೆ ಎಂದರೆ, "ಮಾಮಾ, ಈ ಚಿತ್ರಕ್ಕೆ ಮೇಲೆ ಕೆಳಗೆ ಇಲ್ಲ" ಎಂದಳು. ನನ್ನ ಇಷ್ಟು ವರ್ಷದ ಕಸುಬಿನಲ್ಲಿ ಯಾವ ಗಿರಾಕಿಯೂ ಇಂಥ ಮಾತು ಹೇಳಿರಲಿಲ್ಲ.

ಚಿತ್ರದ ನಡುವೆ ನಮ್ಮ ಸಾಧನಕೇರಿಯ ಕೆರೆ. ದ.ರಾ. ಬೇಂದ್ರೆಯವರ ಮನೆಯ ಎದುರಿನ ಕೆರೆ, ಧಾರವಾಡದವರಿಗೆ ಹೇಳಬೇಕಾಗಿಲ್ಲ. ಕೆರೆಯ ನಾಲ್ಕೂ ದಂಡೆಯಲ್ಲಿ ಮರಗಳು, ಮನೆಗಳು, ವಾಕಿಂಗ್ ಬಂದ ಮುದುಕರು, ಒಂದು ನಾಯಿ. ಎಲ್ಲದರ ಬುಡ ನೀರಿನ ಕಡೆ, ತಲೆ ಹೊರಗಿನ ಅಂಚಿನ ಕಡೆ. ಯಾವ ಬದಿಯನ್ನು ಮೇಲೆ ಮಾಡಿ ಹಾಕಿದರೂ ಒಂದು ದಂಡೆ ನೆಟ್ಟಗೆ ನಿಲ್ಲುತ್ತದೆ, ಅದರ ಎದುರಿನ ದಂಡೆ ತಲೆಕೆಳಗಾಗುತ್ತದೆ. ಮೇಳದ ಮೊದಲ ದಿನ ಒಂದು ಬದಿ ಮೇಲಿತ್ತು, ಮರುದಿನ ಬಂದು ನೋಡಿದರೆ ತಿರುಗಿಸಿ ಹಾಕಿದ್ದಳು. ಮುದುಕರು ಮೇಲಿನಿಂದ ಬಲಕ್ಕೆ ಬಂದಿದ್ದರು. ನೀರನ್ನು ಹೇಗೆ ಮಾಡಿದ್ದಾಳೆ ಎಂದು ಹತ್ತಿರ ಹೋಗಿ ನೋಡಿದೆ. ಉಳಿ ಹಾಕಿಯೇ ಇಲ್ಲ. ಹಲಗೆಯ ಮೇಲೆ ಶಾಯಿಯನ್ನು ತೆಳುವಾಗಿ ಉರುಳಿಸಿ, ಮರದ ಎಳೆಗಳೇ ಅಲೆಗಳಾಗಿ ಅಚ್ಚಿಳಿಯುವಂತೆ ಬಿಟ್ಟಿದ್ದಾಳೆ. ಒಂದು ಕಡೆ ಮರದ ಗಂಟು ಇತ್ತು, ಅದು ನೀರಿನಲ್ಲಿ ಕಲ್ಲು ಬಿದ್ದ ಸುಳಿಯಾಗಿತ್ತು. ನಾನು ದಿನವೂ ಮರದ ಪಟ್ಟಿ ಕೊಯ್ಯುವವನು, ಗಂಟು ಬಂದರೆ ಕತ್ತರಿಸಿ ಎಸೆಯುತ್ತೇನೆ.

ಇದು ಎಲ್ಲಿಂದ ಹೊಳೆಯಿತು ಎಂದು ಕೇಳಿದೆ. "ಬನ್ನಿ, ತೋರಿಸುತ್ತೇನೆ" ಎಂದು ಗ್ಯಾಲರಿಯಿಂದ ಹೊರಗೆ ಕರೆದುಕೊಂಡು ಹೊರಟಳು. ನಾನು ಈ ಜಾಗಕ್ಕೆ ಹೆಚ್ಚು ಅಂಕ ಕೊಡುವುದು ಇದಕ್ಕಾಗಿ. ಬೇರೆ ಕಡೆ ವಿದ್ಯಾರ್ಥಿಯನ್ನು ಸ್ಫೂರ್ತಿ ಎಲ್ಲಿಯದು ಎಂದು ಕೇಳಿದರೆ ಮೊಬೈಲ್ ತೆಗೆದು ಚಿತ್ರ ತೋರಿಸುತ್ತಾರೆ. ಇಲ್ಲಿ ಚಪ್ಪಲಿ ಮೆಟ್ಟಿಕೊಂಡು ನಡೆದರೆ ಸಾಕು.

ಅವಳು ತೋರಿಸಿದ್ದು ಹಳೆಯ ವಿದ್ಯಾರ್ಥಿನಿಲಯದ ಚಾವಣಿ. 1940ರಲ್ಲಿ ಇಲ್ಲಿಯೇ ಕಲಿತು ಕಲಿಸಿದ ಚಿತ್ರಕಾರ ವಿನೋದ ಬಿಹಾರಿ ಮುಖರ್ಜಿ ಅದರ ಮೇಲೆ ಸುತ್ತಲಿನ ಬೀರ್‌ಭೂಮ್ ಸೀಮೆಯ ಹಳ್ಳಿಯನ್ನು ಬರೆದಿದ್ದಾರೆ. ನಡುವೆ ಕೊಳ, ಸುತ್ತಲೂ ಮರ, ಗುಡಿಸಲು, ದನ, ಜನ. ಕತ್ತು ಎತ್ತಿ ಒಂದು ಸುತ್ತು ತಿರುಗಿದರೆ ಊರನ್ನು ಸುತ್ತಿ ಬಂದ ಹಾಗೆ. ಗೋಡೆಯ ಚಿತ್ರಕ್ಕೆ ಮೇಲೂ ಕೆಳಗೂ ಇರುತ್ತದೆ, ಚಾವಣಿಗೆ ಎಲ್ಲಿಯದು? ಮಲಗಿ ನೋಡುವ ಹುಡುಗರ ತಲೆ ಯಾವ ಕಡೆಗಿದೆಯೋ ಅದೇ ಮೇಲು. ಅಷ್ಟು ಹೊತ್ತಿಗೆ ನನ್ನ ನಾಲ್ಕು ಕೊಂಡಿಗಳ ಗುಟ್ಟು ಬಿಚ್ಚಿಕೊಂಡಿತು. ಅವಳು ವಿನೋದ ಬಿಹಾರಿಯವರ ಗೆರೆಯನ್ನೂ ಬಣ್ಣವನ್ನೂ ಕದ್ದಿಲ್ಲ, ಕತ್ತು ತಿರುಗಿಸುವುದನ್ನು ಕಲಿತು ಅದನ್ನು ಗೋಡೆಗೆ ತಂದಿದ್ದಾಳೆ. ಅಲ್ಲಿ ನೋಡುವವರು ತಿರುಗುತ್ತಾರೆ, ಇಲ್ಲಿ ಚಿತ್ರ ತಿರುಗುತ್ತದೆ.

ಅದೇ ವಿನೋದ ಬಿಹಾರಿ ವಿಶ್ವಭಾರತಿಯ ಹಿಂದಿ ಭವನದ ಮೂರು ಗೋಡೆಗಳ ಮೇಲೆ 1946-47ರಲ್ಲಿ ಮಧ್ಯಯುಗದ ಸಂತರನ್ನು ಬರೆದರು. ಹಸಿ ಗಾರೆಯ ಮೇಲೆ ಬರೆಯುವ ಕೆಲಸ. ಆ ದಿನ ಎಷ್ಟು ಗಾರೆ ಮೆತ್ತಿದ್ದಾರೋ ಅದು ಆರುವುದರೊಳಗೆ ಅಷ್ಟನ್ನೂ ಬರೆದು ಮುಗಿಸಬೇಕು, ಆಮೇಲೆ ತಿದ್ದಲು ಬರುವುದಿಲ್ಲ. ಹುಟ್ಟಿನಿಂದಲೇ ಅವರಿಗೆ ಒಂದು ಕಣ್ಣು ಕಾಣುತ್ತಿರಲಿಲ್ಲ, ಇನ್ನೊಂದರ ದೃಷ್ಟಿಯೂ ತೀರಾ ಮಂದ. 1950ರ ದಶಕದಲ್ಲಿ ಅದೂ ಹೋಯಿತು. ಅಂಥವರು ಇಷ್ಟುದ್ದದ ಗೋಡೆಯಲ್ಲಿ ರಾಮಾನುಜ, ಕಬೀರ, ಸೂರದಾಸ, ತುಳಸೀದಾಸ, ಗುರು ಗೋವಿಂದ ಸಿಂಗ್ ಇವರನ್ನೆಲ್ಲ ಒಂದೇ ನದಿಯ ಹರಿವಿನಲ್ಲಿ ತಂದಿದ್ದಾರೆ. ನಾನು ಮೇಲುಕೋಟೆಯ ರಾಮಾನುಜರನ್ನು ಹುಡುಕಿದೆ, ಸಿಕ್ಕರು. ಬಸವಣ್ಣನವರನ್ನೂ ಹುಡುಕಿದೆ. ಧಾರವಾಡದವನಿಗೆ ಅದು ತಪ್ಪುವುದಿಲ್ಲ.

ಅಂಗಳದಲ್ಲಿ ಶಿಲ್ಪಿ ರಾಮಕಿಂಕರ್ ಬೈಜ್ ಮಾಡಿದ 'ಸಂಥಾಲ್ ಕುಟುಂಬ' ಇದೆ, ಸಂಥಾಲರೆಂದರೆ ಆ ಸೀಮೆಯ ಬುಡಕಟ್ಟಿನವರು. 1938ರದು. ಸಿಮೆಂಟಿಗೆ ಆ ನೆಲದ ಜಂಬಿಟ್ಟಿಗೆಯ ಹರಳು ಬೆರೆಸಿ ಕಟ್ಟಿದ, ಆಳೆತ್ತರಕ್ಕಿಂತ ದೊಡ್ಡದಾದ ಶಿಲ್ಪ. ಹೆಗಲ ಮೇಲೆ ಅಡ್ಡೆ ಹೊತ್ತ ಗಂಡಸು, ಅಡ್ಡೆಯ ಬುಟ್ಟಿಯಲ್ಲಿ ಕುಳಿತ ಮಗು, ಸೊಂಟದಲ್ಲಿ ಇನ್ನೊಂದು ಮಗುವನ್ನು ಎತ್ತಿಕೊಂಡ ಹೆಂಗಸು, ಕಾಲ ಬಳಿ ನಾಯಿ. ಮನೆಯ ಸಾಮಾನನ್ನೆಲ್ಲ ಹೊತ್ತುಕೊಂಡು ಎಲ್ಲಿಗೋ ದುಡಿಯಲು ಹೊರಟಿದ್ದಾರೆ. ಉತ್ತರ ಕರ್ನಾಟಕದಿಂದ ಗೋವೆಗೆ, ಮಂಗಳೂರಿಗೆ ದುಡಿಯಲು ಹೋಗುವವರನ್ನು ಬಸ್ ನಿಲ್ದಾಣದಲ್ಲಿ ನೋಡಿದವರಿಗೆ ಈ ನಾಲ್ವರು ಹೊಸಬರಲ್ಲ. ಮೈ ನುಣುಪಾಗಿಲ್ಲ, ಕೈ ಸವರಿದರೆ ಚರ್ಮ ತರಚುವಷ್ಟು ಒರಟು. ಸ್ವಲ್ಪ ಆಚೆಗೆ 1956ರ 'ಗಿರಣಿಯ ಕರೆ': ಅಕ್ಕಿ ಗಿರಣಿಯ ಸೈರನ್ ಕೂಗಿದ ಕೂಡಲೇ ಓಡುತ್ತಿರುವ ಹೆಂಗಸರು, ಹಿಂದೆ ಗಾಳಿಗೆ ಹಾರುತ್ತಿರುವ ಒದ್ದೆ ಸೀರೆ. ಸಿಮೆಂಟಿನಲ್ಲಿ ಗಾಳಿ ಮಾಡುವುದು ಹೇಗೆ ಎಂದು ತಿಳಿಯಬೇಕಾದರೆ ಆ ಸೀರೆಯ ಹಿಂಬದಿಗೆ ಹೋಗಿ ನೋಡಬೇಕು.

1930ರ ದಶಕದ 'ಕಾಲೋ ಬಾರಿ'ಯನ್ನೂ ಬಿಡಬೇಡಿ. ಮಣ್ಣಿನ ಗೋಡೆಗೆ ಡಾಂಬರು ಬಳಿದ ಕರಿಮನೆ. ಮೊಹೆಂಜೊದಾರೊದ ಮುದ್ರೆಯಿಂದ ಹಿಡಿದು ಈಜಿಪ್ಟಿನ ಉಬ್ಬುಚಿತ್ರದ ತನಕ ಏನೇನನ್ನೋ ಅಲ್ಲಿಯ ವಿದ್ಯಾರ್ಥಿಗಳೂ ಗುರುಗಳೂ ಸೇರಿ ಅದರ ಗೋಡೆಯ ಮೇಲೆ ಮೆತ್ತಿದ್ದಾರೆ. ಹಿರಿಯ ವಿದ್ಯಾರ್ಥಿಗಳು ಅದರಲ್ಲೇ ವಾಸ ಮಾಡುತ್ತಿದ್ದರು. ಇನ್ನೊಂದು ಕಟ್ಟಡದ ಹೊರಮೈ ತುಂಬಾ ಕೆ.ಜಿ. ಸುಬ್ರಹ್ಮಣ್ಯನ್ ಅವರ ಕಪ್ಪು ಬಿಳುಪಿನ ಚಿತ್ರಗಳು. ಅವರು 1944ರಲ್ಲಿ ಇಲ್ಲಿಗೆ ವಿದ್ಯಾರ್ಥಿಯಾಗಿ ಬಂದವರು, ಆಮೇಲೆ ಬರೋಡದಲ್ಲಿಯೂ ಇಲ್ಲಿಯೂ ಪಾಠ ಮಾಡಿದರು. ಕಿಟಕಿ, ಬಾಗಿಲು, ಮೂಲೆ ಎಂದು ನೋಡದೆ ಎಲ್ಲದರ ಸುತ್ತಲೂ ಹಕ್ಕಿ, ಮೃಗ, ಮನುಷ್ಯರನ್ನು ಹರಿಯಬಿಟ್ಟಿದ್ದಾರೆ.

ಇಷ್ಟೆಲ್ಲ ನೋಡಿ ಮುಗಿಸಿದಾಗ ನನಗೊಂದು ವಿಷಯ ಕಸಿವಿಸಿ ಮಾಡಿತು. ಅಲ್ಲಿಯ ಒಳ್ಳೊಳ್ಳೆಯ ಕೃತಿಗಳಲ್ಲಿ ಒಂದಕ್ಕೂ ಕಟ್ಟಿಲ್ಲ! ಗೋಡೆಯೇ ಚಿತ್ರ, ಚಾವಣಿಯೇ ಚಿತ್ರ, ಅಂಗಳವೇ ಪೀಠ. ಈ ವಿದ್ಯೆ ಊರಿಗೆಲ್ಲ ಹಬ್ಬಿದರೆ ನನ್ನಂಥವರು ಅಂಗಡಿ ಮುಚ್ಚಬೇಕು. ಅಕ್ಕನ ಮಗಳಿಗೆ ಹೀಗೆಂದರೆ, "ನಮ್ಮ ಸಂವಿಧಾನ ನೆನಪಿಲ್ಲವೇ ಮಾಮಾ? ಅದರ ಪುಟಗಳಿಗೆ ಕಟ್ಟು ಹಾಕಿದವರು ಇಲ್ಲಿಯವರೇ" ಎಂದಳು. ಹೌದು, ಕೈಬರಹದ ಮೂಲ ಸಂವಿಧಾನದ ಪುಟಗಳಿಗೆ ಚಿತ್ರ, ಅಂಚುಗಳನ್ನು ಬರೆದುಕೊಟ್ಟವರು ನಂದಲಾಲರೂ ಅವರ ಶಿಷ್ಯರೂ. ದೇಶದಲ್ಲಿ ಅದಕ್ಕಿಂತ ದೊಡ್ಡ ಕಟ್ಟಿನ ಕೆಲಸ ಯಾರಿಗೂ ಸಿಕ್ಕಿರಲಾರದು. ನನಗೆ ಸಮಾಧಾನವಾಯಿತು.

ಈಗ ಮೇಳದ ಮಾತು. ವಿಭಾಗಕ್ಕೊಂದರಂತೆ ಮಳಿಗೆಗಳು. ಬಿದಿರು, ಸೆಣಬು, ಹಳೆಯ ಬಟ್ಟೆ, ಗುಜರಿ ಕಬ್ಬಿಣ ಇವುಗಳಿಂದ ವಿದ್ಯಾರ್ಥಿಗಳೇ ಕಟ್ಟಿದ ಅಲಂಕಾರ. ನೆಲದ ಮೇಲೆ ಆಲ್ಪನಾ, ನಮ್ಮ ರಂಗೋಲಿಯ ಅಕ್ಕ. ಹಿಟ್ಟು ಉದುರಿಸುವುದಿಲ್ಲ, ಒದ್ದೆ ಬಿಳಿಯನ್ನು ಬೆರಳಿನಿಂದಲೋ ಕುಂಚದಿಂದಲೋ ಎಳೆಯುತ್ತಾರೆ. ಕೊಳ್ಳಲು ಏನಿದೆ ಎಂದರೆ, ಪಿಂಗಾಣಿಯ ಬಟ್ಟಲು, ಮಣ್ಣಿನ ಗೊಂಬೆ, ಮೇಣ ಹಚ್ಚಿ ಬಣ್ಣ ಕಟ್ಟಿದ ಬಾಟಿಕ್ ಬಟ್ಟೆ, ಕೈಯಲ್ಲಿ ಹೊಲಿದ ನೋಟ್ ಪುಸ್ತಕ, ಮರದ ಆಭರಣ, ಶುಭಾಶಯ ಪತ್ರ, ಕ್ಯಾಲೆಂಡರ್. ಬಟ್ಟಲುಗಳ ಮುಂದೆ ಹೆಂಗಸರ ನೂಕುನುಗ್ಗಲು, ನಾನು ಆ ಕಡೆ ಹೋಗಲಿಲ್ಲ. ಬಾಟಿಕ್ ಚೆನ್ನಾಗಿತ್ತು, ಆದರೆ ಅದು ಪಕ್ಕದ ಊರು ಬೋಲ್‌ಪುರದ ಪೇಟೆಯಲ್ಲಿಯೂ ಸಿಗುತ್ತದೆ.

ನನ್ನ ಲೆಕ್ಕದಲ್ಲಿ ಮೇಳದ ಸರಕೆಂದರೆ ಅಚ್ಚುಗಳು. ವಿದ್ಯಾರ್ಥಿಗಳ ಮರದಚ್ಚು, ಲಿನೋಲಿಯಂ ಹಾಳೆ ಕೆತ್ತಿ ತೆಗೆದ ಲಿನೋ, ಎಚಿಂಗ್ ಅಂಗೈಯಗಲದಿಂದ ಹಿಡಿದು ದಿನಪತ್ರಿಕೆಯ ಹಾಳೆಯಷ್ಟು ದೊಡ್ಡದರವರೆಗೆ ಇದ್ದವು. ಸಣ್ಣದರ ಬೆಲೆ, ನನ್ನ ಅಂಗಡಿಯಲ್ಲಿ ಅದಕ್ಕೆ ಕಟ್ಟು ಹಾಕಿಸಲು ತಗಲುವ ಬೆಲೆಗಿಂತ ಕಡಿಮೆ. ಇದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ, ಯಾರಿಗಾಗಿ ಎಂದು ಗೊತ್ತಿಲ್ಲ. ಅಧ್ಯಾಪಕರು ಮೇಳಕ್ಕೆಂದೇ ಮಾಡಿಕೊಟ್ಟ ಕೆಲಸಗಳೂ ಇದ್ದವು. ಅವು ಮೊದಲ ದಿನವೇ ಖಾಲಿಯಾಗುತ್ತವೆ, ಕಲ್ಕತ್ತೆಯಿಂದ ಅದಕ್ಕೆಂದೇ ಬರುವವರಿದ್ದಾರೆ. ಒಳ್ಳೆಯದು ಬೇಕಾದವರು 1ನೆಯ ತಾರೀಖು ಮಳಿಗೆ ತೆರೆಯುವ ಹೊತ್ತಿಗೆ ಅಲ್ಲಿರಬೇಕು. 2ರ ಸಂಜೆ ಹೋಗುವುದು ಹಾಡು, ತಿಂಡಿ, ಜನಜಾತ್ರೆಗೆ ಸರಿ. ಆ ಹೊತ್ತಿಗೆ ಮಳಿಗೆಯ ಮೇಜಿನ ಮೇಲಿನ ಅಚ್ಚುಗಳನ್ನು ನೂರು ಕೈ ಮುಟ್ಟಿರುತ್ತವೆ, ಅಂಚಿನಲ್ಲಿ ಬೆರಳಿನ ಗುರುತು ಬಿದ್ದಿರುತ್ತದೆ. ಕೊಳ್ಳದವರೂ ಕಾಗದವನ್ನು ಅಂಚಿನಲ್ಲಿ ಎರಡೂ ಕೈಯಿಂದ ಹಿಡಿದು ಎತ್ತಬೇಕೆಂಬ ಜ್ಞಾನ ಎಲ್ಲ ಊರಿನಲ್ಲಿಯೂ ಅಪರೂಪ.

ತಿಂಡಿಯ ಮಳಿಗೆಗಳನ್ನೂ ವಿದ್ಯಾರ್ಥಿಗಳೇ ನಡೆಸುತ್ತಾರೆ. ಲೂಚಿ ಎಂಬ ಮೈದಾ ಪೂರಿ, ಆಲೂಗಡ್ಡೆಯ ಪಲ್ಯ, ಹೊಸ ಬೆಲ್ಲದ ಸಿಹಿ. ಡಿಸೆಂಬರಿನಲ್ಲಿ ಬರುವ ಖರ್ಜೂರದ ಮರದ ಬೆಲ್ಲವನ್ನು ತಿನ್ನದೆ ಬರಬಾರದು. ಶಿಲ್ಪ ವಿಭಾಗದ ಹುಡುಗ ಹಿಟ್ಟು ನಾದುವುದನ್ನು ನೋಡಿದೆ, ಜೇಡಿಮಣ್ಣು ಹದ ಮಾಡುವ ಕೈ ಅದು. ಲೂಚಿ ಒಂದೂ ಹರಿಯಲಿಲ್ಲ.

ನಮ್ಮಲ್ಲಿ ಇಂಥದ್ದಿಲ್ಲವೇ ಎಂದು ಕೇಳುವವರಿಗೆ: ಬೆಂಗಳೂರಿನ ಚಿತ್ರಕಲಾ ಪರಿಷತ್ತು 2003ರಿಂದ ನಡೆಸುತ್ತಿರುವ ಚಿತ್ರಸಂತೆ ಇದೆ, ಒಂದು ದಿನ ಕುಮಾರಕೃಪಾ ರಸ್ತೆಯೇ ಗ್ಯಾಲರಿಯಾಗುತ್ತದೆ. ದೇಶದ ಎಲ್ಲೆಡೆಯಿಂದ ಕಲಾವಿದರು ಬರುತ್ತಾರೆ. ನಾನು ಅದಕ್ಕೂ ಹೋಗುತ್ತೇನೆ, ಗಿರಾಕಿಗಳೂ ಸಿಗುತ್ತಾರೆ. ಆದರೆ ಅದು ಸಂತೆ, ನೂರಾರು ಮನೆಗಳ ಸರಕು. ನಂದನ್ ಮೇಳ ಒಂದೇ ಮನೆಯದು. ಅಡುಗೆಮನೆ, ಹಿತ್ತಿಲು, ಅಜ್ಜನ ಕೋಣೆ ಎಲ್ಲವನ್ನೂ ತೆರೆದಿಟ್ಟು ಕರೆಯುತ್ತಾರೆ. ಎರಡನ್ನೂ ತೂಗಿ ನೋಡಬೇಕಾಗಿಲ್ಲ. ವಿದ್ಯಾರ್ಥಿಯಾದವರು ಮೊದಲು ಯಾವುದನ್ನು ನೋಡಬೇಕು ಎಂದರೆ ಮಾತ್ರ ನನ್ನ ಮತ ಬೋಲ್‌ಪುರದ ರೈಲಿಗೆ.

ಆ ರೈಲಿನ ವಿಷಯ. ಹುಬ್ಬಳ್ಳಿ, ಗದಗ, ಹೊಸಪೇಟೆ, ಬಳ್ಳಾರಿ ಕಡೆಯವರಿಗೆ ವಾಸ್ಕೊದಿಂದ ಹೌರಾದ ಶಾಲಿಮಾರ್ ನಿಲ್ದಾಣಕ್ಕೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ಇದೆ, ಹೌರಾದಿಂದ ಬೋಲ್‌ಪುರ ಶಾಂತಿನಿಕೇತನ ನಿಲ್ದಾಣಕ್ಕೆ ಬೇರೆ ಗಾಡಿ. ನಿಲ್ದಾಣದಿಂದ ಬ್ಯಾಟರಿಯ ರಿಕ್ಷಾ ಸಿಗುತ್ತದೆ, ಅಲ್ಲಿ ಅದನ್ನು ಟೋಟೊ ಎನ್ನುತ್ತಾರೆ, ಹತ್ತುವ ಮೊದಲು ಬಾಡಿಗೆ ಮಾತಾಡಿಕೊಳ್ಳಿ. ವಸತಿಯನ್ನು ಮೊದಲೇ ಕಾಯ್ದಿರಿಸಬೇಕು. ಶಾಂತಿನಿಕೇತನ 2023ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು, ಪ್ರವಾಸಿಗರಿಗೆ ಕೊರತೆಯಿಲ್ಲ. ನಾನು ಇಳಿದುಕೊಂಡ ಲಾಡ್ಜಿನಲ್ಲಿ ಬಿಸಿನೀರೆಂದು ಬಕೆಟ್ಟಿನಲ್ಲಿ ತಂದುಕೊಟ್ಟದ್ದು ಬಾಗಿಲಿಗೆ ಬರುವಷ್ಟರಲ್ಲಿ ತಣ್ಣಗಾಗಿರುತ್ತಿತ್ತು. ಗೋಡೆಯಲ್ಲಿ ಟಾಗೋರರ ಚಿತ್ರ ಓರೆಯಾಗಿ ನೇತಾಡುತ್ತಿತ್ತು, ಅದನ್ನು ನಾನೇ ಸರಿ ಮಾಡಿದೆ. ವಿಶ್ವಭಾರತಿಗೆ ವಾರದ ರಜೆ ಬುಧವಾರ, ಭಾನುವಾರವಲ್ಲ. ಮೇಳದ ಆಚೀಚೆ ರವೀಂದ್ರ ಭವನದ ವಸ್ತುಸಂಗ್ರಹಾಲಯ ನೋಡಬೇಕೆಂದಿದ್ದರೆ ಇದನ್ನು ಲೆಕ್ಕ ಹಾಕಿಕೊಂಡು ಹೊರಡಿ. ಹಿಂದಿ ಭವನ, ಹಳೆಯ ನಿಲಯ ಇವು ಪಾಠ ನಡೆಯುವ, ಜನ ಓಡಾಡುವ ಜಾಗಗಳು. ಅಲ್ಲಿಯ ವಿದ್ಯಾರ್ಥಿಯೊಬ್ಬರನ್ನು ಜೊತೆಗಿಟ್ಟುಕೊಂಡು, ಕೇಳಿ ಒಳಗೆ ಹೋಗಬೇಕು. ಡಿಸೆಂಬರಿನ ಕೊನೆಯಲ್ಲಿ ನಡೆಯುವ ಪೌಷ ಮೇಳವೇ ಬೇರೆ, ಅದು ಊರ ಜಾತ್ರೆ.

ಅಚ್ಚುಗಳನ್ನು ತರುವುದು ಹೇಗೆ ಎಂಬುದನ್ನು ಹೇಳದಿದ್ದರೆ ನನ್ನ ಕಸುಬಿಗೆ ಮೋಸ. ಮೇಳದಲ್ಲಿ ಹಳೆಯ ಪತ್ರಿಕೆಯಲ್ಲಿ ಸುತ್ತಿ ಕೊಡುತ್ತಾರೆ, ಅದು ಕೋಣೆಗೆ ಹೋಗುವವರೆಗೆ ಸಾಕು. ಊರಿನಿಂದ ಹೊರಡುವಾಗಲೇ ನಲ್ಲಿ ಸಾಮಾನಿನ ಅಂಗಡಿಯಲ್ಲಿ ಅಗಲ ಬಾಯಿಯ ಪಿವಿಸಿ ಕೊಳವೆ ಒಂದನ್ನು ಕೈಯಳತೆಗೆ ಕತ್ತರಿಸಿಕೊಂಡು, ಎರಡೂ ತುದಿಗೆ ಮುಚ್ಚಳ ಹಾಕಿಸಿ ತನ್ನಿ. ಚಿತ್ರದ ಮೈ ಹೊರಗೆ ಬರುವಂತೆ ಸಡಿಲವಾಗಿ ಸುತ್ತಬೇಕು, ನಡುವೆ ಅಂಗಡಿಯವರು ಸೀರೆಗೆ ಹಾಕುವ ತೆಳು ಕಾಗದ. ರೈಲಿನಲ್ಲಿ ಅದನ್ನು ಬರ್ತಿನ ಕೆಳಗೆ ಇಡಬೇಡಿ, ಯಾರೋ ಟ್ರಂಕು ತಳ್ಳುತ್ತಾರೆ. ಮನೆಗೆ ಬಂದ ಮೇಲೆ ಒಂದು ವಾರ ಚಪ್ಪಟೆಯಾಗಿ ಮಲಗಿಸಿ, ಮೇಲೆ ಭಾರ ಹೇರಿ, ಆಮೇಲೆ ಕಟ್ಟು. ಗಾಜು ಅಚ್ಚಿಗೆ ತಾಗಕೂಡದು. ಧಾರವಾಡದ ಮಳೆಗಾಲದ ಥಂಡಿಗೆ ಗಾಜಿನೊಳಗೆ ನೀರಾಡಿ ಶಾಯಿ ಅಂಟಿಕೊಳ್ಳುತ್ತದೆ, ಬೂಷ್ಟು ಹಿಡಿಯುತ್ತದೆ. ನಡುವೆ ದಪ್ಪ ಮೌಂಟ್ ಇರಲಿ. ಹಿಂದೆ ಸೆಲ್ಲೋ ಟೇಪ್ ಹಚ್ಚುವ ಅಂಗಡಿಯಾದರೆ ಚಿತ್ರ ವಾಪಸು ಇಸಿದುಕೊಳ್ಳಿ. ನಾಲ್ಕೈದು ವರ್ಷದಲ್ಲಿ ಆ ಟೇಪಿನ ಹಳದಿ ಕಲೆ ಮುಂದೆ ಬರುತ್ತದೆ, ಅದನ್ನು ತೆಗೆಯುವ ಮದ್ದು ನನ್ನ ಬಳಿ ಇಲ್ಲ.

ಕೊಳ್ಳುವಾಗ ಅಚ್ಚಿನ ಕೆಳಗೆ ಎಡಕ್ಕೆ ಒಟ್ಟು ಎಷ್ಟು ಪ್ರತಿಗಳಲ್ಲಿ ಇದು ಎಷ್ಟನೆಯದು ಎಂಬ ಸಂಖ್ಯೆ, ಬಲಕ್ಕೆ ಸಹಿ ಮತ್ತು ವರ್ಷ ಇದೆಯೇ ನೋಡಿ. ಅವಸರದಲ್ಲಿ ಸಹಿ ಬಿಟ್ಟಿದ್ದರೆ ಮಾಡಿದ ವಿದ್ಯಾರ್ಥಿಯನ್ನು ಹುಡುಕಿಸಿ ಅಲ್ಲೇ ಹಾಕಿಸಿಕೊಳ್ಳಿ, ಹತ್ತಿರದಲ್ಲೇ ಎಲ್ಲೋ ಲೂಚಿ ಕರಿಯುತ್ತಿರುತ್ತಾರೆ. ಕೈಗೆ ಎಣ್ಣೆ ಇದ್ದರೆ ಒರೆಸಿಕೊಳ್ಳಲು ಹೇಳಿ. ಸಹಿ ಪೆನ್ಸಿಲ್ಲಿನಲ್ಲೇ ಆಗಬೇಕು. ಪೆನ್ನು ತೆಗೆದರೆ ಬೇಡ ಎನ್ನಿ.